ಹಳೆಯ ಕಾರು, ಹಾಟ್ ರಾಡ್ ಮತ್ತು ವಿಮೆ: ಪಾಲಿಸಿ ಆರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹೊಸ ಕಾರು ಶೋರೂಮಿನ ಗೇಟು ದಾಟಿದ ದಿನದಿಂದಲೇ ಬೆಲೆ ಕಳೆದುಕೊಳ್ಳತೊಡಗುತ್ತದೆ. ಸಾಮಾನ್ಯ ಮೋಟಾರು ವಿಮೆಯ ಲೆಕ್ಕವೆಲ್ಲ ನಿಂತಿರುವುದು ಈ ಇಳಿಜಾರಿನ ಮೇಲೆ. 1957ರ ಷೆವರ್ಲೆ ಬೆಲ್ ಏರ್, 1965ರ ಮಸ್ಟ್ಯಾಂಗ್, 1932ರ ಫೋರ್ಡ್ ಮೇಲೆ ಕಟ್ಟಿದ ಹಾಟ್ ರಾಡ್ (ಬಲವಾದ ಎಂಜಿನ್ ಕೂರಿಸಿ ಮಾರ್ಪಡಿಸಿದ ಹಳೆಯ ಕಾರು) ಇವೆಲ್ಲ ಆ ಇಳಿಜಾರನ್ನು ಎಂದೋ ಇಳಿದು ಮುಗಿಸಿದ ಗಾಡಿಗಳು. ಇವುಗಳ ಬೆಲೆ ವಯಸ್ಸಿಗಿಂತ ಹೆಚ್ಚಾಗಿ ಸ್ಥಿತಿ, ದಾಖಲೆ, ಕೆಲಸಗಾರಿಕೆಯ ಮೇಲೆ ನಿಲ್ಲುತ್ತದೆ. ಇಂಥ ಕಾರನ್ನು ದಿನಬಳಕೆಯ ಕಾರಿನ ಪಾಲಿಸಿಗೇ ಇನ್ನೊಂದು ಸಾಲಾಗಿ ಸೇರಿಸಿಬಿಟ್ಟರೆ ಪ್ರೀಮಿಯಂ ಕಟ್ಟುವಾಗ ಏನೂ ಗೊತ್ತಾಗುವುದಿಲ್ಲ. ಕಾರು ಸುಟ್ಟುಹೋದ ದಿನ ಗೊತ್ತಾಗುತ್ತದೆ.

ಇಲ್ಲಿ ಹೇಳಿರುವುದು ಅಮೆರಿಕದ ಲೆಕ್ಕ. ಹಾಟ್ ರಾಡ್ ಹುಟ್ಟಿದ್ದು ಅಲ್ಲೇ, ಅದಕ್ಕೆ ತಕ್ಕ ವಿಮೆ ಬೆಳೆದದ್ದೂ ಅಲ್ಲೇ. ವಿಮೆಯ ಕಾನೂನು ಅಲ್ಲಿ ರಾಜ್ಯಕ್ಕೊಂದು ಥರ ಇರುವುದರಿಂದ, ಪಾಲಿಸಿಯ ಅಂತಿಮ ಮಾತು ಯಾವತ್ತೂ ನಿಮ್ಮ ರಾಜ್ಯದ ಪ್ರತಿಯಲ್ಲಿರುವುದೇ ಹೊರತು ಕಂಪನಿಯ ಜಾಹೀರಾತಿನಲ್ಲಿರುವುದಲ್ಲ.

ಹಂತ 1: ಕಾಗದದಲ್ಲಿ ನಿಮ್ಮ ಕಾರು ಏನು?

ಏಜೆಂಟರಿಗೆ ಫೋನ್ ಮಾಡುವ ಮೊದಲು ಕಾರಿನ ಟೈಟಲ್ ಪತ್ರ, ಅಂದರೆ ಮಾಲೀಕತ್ವದ ದಾಖಲೆ ತೆಗೆದು, ಅದರಲ್ಲಿರುವ ಇಸವಿ, ತಯಾರಕರ ಹೆಸರು, ಗುರುತಿನ ಸಂಖ್ಯೆ ಮೂರನ್ನೂ ಕಾರಿನ ಜೊತೆ ಹೋಲಿಸಿ ನೋಡಿ. ಇದು ಹುಡುಗಾಟದ ಕೆಲಸದಂತೆ ಕಾಣುತ್ತದೆ. ಆದರೆ ಕ್ಲೇಮ್ ಬಿದ್ದುಹೋಗುವ ಜಾಗಗಳಲ್ಲಿ ಇದೂ ಒಂದು.

17 ಅಂಕಿ-ಅಕ್ಷರಗಳ ಏಕರೂಪದ ವಿಐಎನ್ (ವಾಹನದ ಗುರುತಿನ ಸಂಖ್ಯೆ) ಬಂದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದೆ ಒಬ್ಬೊಬ್ಬ ತಯಾರಕರದು ಒಂದೊಂದು ಪದ್ಧತಿ. ತೀರ ಹಳೆಯ ಕಾರುಗಳಲ್ಲಿ ಎಂಜಿನ್ನಿನ ಸಂಖ್ಯೆಯನ್ನೇ ಟೈಟಲ್‌ಗೆ ಬರೆದಿರುವುದುಂಟು. ಆ ಎಂಜಿನ್ ತೆಗೆದು ಇನ್ನೊಂದು ಕೂರಿಸಿ ದಶಕಗಳೇ ಕಳೆದಿದ್ದರೆ ಟೈಟಲ್ ಒಂದು ಹೇಳುತ್ತದೆ, ಕಾರು ಇನ್ನೊಂದು ಹೇಳುತ್ತದೆ. ಮೂವತ್ತರ ದಶಕದ ಫೋರ್ಡ್‌ಗಳಲ್ಲಿ ಸಂಖ್ಯೆಯನ್ನು ಚಾಸಿಯ ಉದ್ದದ ಪಟ್ಟಿಯ ಮೇಲೆ ಒತ್ತಿರುತ್ತಾರೆ. ಬಾಡಿ ಎತ್ತದೆ ಅದರ ಒಂದಷ್ಟು ಭಾಗ ಕಾಣುವುದೇ ಇಲ್ಲ. ಹೊಂದಾಣಿಕೆ ಇಲ್ಲದಿದ್ದರೆ ರಾಜ್ಯದ ಮೋಟಾರು ವಾಹನ ಇಲಾಖೆಯಲ್ಲಿ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ವಿಮೆ ಆಮೇಲೆ.

ಹಾಟ್ ರಾಡ್ ವಿಷಯದಲ್ಲಿ ಪ್ರಶ್ನೆ ಇನ್ನೂ ತೊಡಕು. ಫೈಬರ್‌ಗ್ಲಾಸ್ ಬಾಡಿ, ಹೊಸದಾಗಿ ವೆಲ್ಡ್ ಮಾಡಿದ ಚಾಸಿ, ಕ್ರೇಟ್‌ನಲ್ಲಿ ಬಂದ ಹೊಸ ವಿ8 ಎಂಜಿನ್ ಇದ್ದರೆ ನೋಡಲು ಅದು 1932ರ ಫೋರ್ಡ್, ಆದರೆ 1932ರ ಒಂದು ಬೋಲ್ಟ್ ಕೂಡ ಅದರಲ್ಲಿಲ್ಲ. ಕೆಲವು ರಾಜ್ಯಗಳು ಇಂಥದ್ದನ್ನು ‘ವಿಶೇಷವಾಗಿ ಕಟ್ಟಿದ ವಾಹನ’ ಎಂದು, ಕಟ್ಟಿದ ವರ್ಷವನ್ನೇ ಹಾಕಿ ನೋಂದಾಯಿಸುತ್ತವೆ. ಇನ್ನು ಕೆಲವು ರಾಜ್ಯಗಳು ಬಿಡಿಭಾಗ ಉದ್ಯಮದ ಸಂಘಟನೆಯಾದ ಸೀಮಾ ರೂಪಿಸಿದ ಮಾದರಿ ಕಾನೂನನ್ನು ಒಪ್ಪಿಕೊಂಡಿವೆ. ಅದರ ಪ್ರಕಾರ 1948 ಅಥವಾ ಅದಕ್ಕೂ ಹಿಂದಿನ, ಮಾರ್ಪಡಿಸಿದ ಗಾಡಿ ‘ಸ್ಟ್ರೀಟ್ ರಾಡ್’. 1948ರ ನಂತರದ, ಕನಿಷ್ಠ 25 ವರ್ಷ ಹಳೆಯ, ಮಾರ್ಪಡಿಸಿದ ಗಾಡಿ ‘ಕಸ್ಟಮ್’. ನಕಲು ಬಾಡಿಯಾದರೆ ಅದು ಯಾವ ವರ್ಷದ ಕಾರನ್ನು ಹೋಲುತ್ತದೋ ಆ ವರ್ಷವನ್ನೇ ಟೈಟಲ್‌ನಲ್ಲಿ ಬರೆಯಲು ಅದು ಅವಕಾಶ ಕೊಡುತ್ತದೆ. ರಾಜ್ಯ ಏನೇ ಬರೆದಿರಲಿ, ವಿಮೆಯ ಅರ್ಜಿಯಲ್ಲಿ ನಿಜ ಹೇಳಿ: ಬಾಡಿ ಉಕ್ಕೋ ಫೈಬರ್‌ಗ್ಲಾಸೋ, ಚಾಸಿ ಮೂಲದ್ದೋ ಹೊಸದೋ, ಎಂಜಿನ್ ಯಾವುದು, ಎಷ್ಟು ಅಶ್ವಶಕ್ತಿ, ಬ್ರೇಕು ಡಿಸ್ಕೋ ಡ್ರಮ್ಮೋ, ಎಂಜಿನ್ನಿಗೆ ಹೆಚ್ಚು ಶಕ್ತಿ ಕೊಡುವ ನೈಟ್ರಸ್ ಅನಿಲದ ವ್ಯವಸ್ಥೆ ಇದೆಯೋ ಇಲ್ಲವೋ. ‘1932ರ ಫೋರ್ಡ್’ ಎಂದಷ್ಟೇ ಬರೆದು ಸುಮ್ಮನಾದರೆ ನಕಲು ಬಾಡಿಯ ಗಾಡಿಗೆ ಅಸಲಿ ಉಕ್ಕಿನ ಬೆಲೆ ಕೇಳಿದಂತೆ ಆಗುತ್ತದೆ. ಸುಳ್ಳು ಮಾಹಿತಿ ಕೊಟ್ಟರು ಎಂದು ಪಾಲಿಸಿಯನ್ನೇ ರದ್ದು ಮಾಡಲು ಕಂಪನಿಗೆ ದಾರಿ ಸಿಗುತ್ತದೆ.

ಹಂತ 2: ಅಂಕಿಯ ಪಕ್ಕದ ಪದ ಓದಿ

ಈ ಬರಹದಲ್ಲಿ ಒಂದೇ ಒಂದು ಭಾಗ ಓದಲು ಸಮಯವಿದ್ದರೆ ಇದನ್ನು ಓದಿ. ಪಾಲಿಸಿಯ ಮೊದಲ ಹಾಳೆಯಾದ ಡಿಕ್ಲರೇಷನ್ ಪೇಜ್‌ನಲ್ಲಿ ಕಾರಿನ ಎದುರು ಒಂದು ಮೊತ್ತ ಇರುತ್ತದೆ. ಅದನ್ನು ಎಲ್ಲರೂ ನೋಡುತ್ತಾರೆ. ಅದರ ಪಕ್ಕದ ಎರಡು ಪದಗಳನ್ನು ನೋಡುವವರು ಕಡಿಮೆ, ದುಡ್ಡು ಇರುವುದು ಮಾತ್ರ ಅಲ್ಲಿ.

ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ: ಸಾಮಾನ್ಯ ಕಾರು ಪಾಲಿಸಿಯ ಪದ್ಧತಿ. ನಷ್ಟವಾದ ದಿನ ಆ ಕಾರು ಮಾರುಕಟ್ಟೆಯಲ್ಲಿ ಎಷ್ಟು ಬಾಳುತ್ತಿತ್ತು ಎಂದು ಕಂಪನಿಯ ಅಡ್ಜಸ್ಟರ್, ಅಂದರೆ ನಷ್ಟ ಅಂದಾಜಿಸುವವರು, ಲೆಕ್ಕ ಹಾಕಿ, ಸವಕಳಿ ಕಳೆದು ಕೊಡುತ್ತಾರೆ. ಐದು ವರ್ಷದ ಸೆಡಾನ್‌ಗೆ ಇದು ಸರಿ, ಅಂಥವು ಊರ ತುಂಬ ಮಾರಾಟವಾಗುತ್ತಿರುತ್ತವೆ. ಮೇಲ್ಛಾವಣಿ ಮೂರು ಇಂಚು ಕತ್ತರಿಸಿ ತಗ್ಗಿಸಿದ 1934ರ ಕೂಪೆಗೆ ಹೋಲಿಕೆ ಎಲ್ಲಿಂದ ತರುತ್ತಾರೆ? ಹೋಲಿಕೆ ಸಿಗದಿದ್ದಾಗ ಲೆಕ್ಕ ಯಾವಾಗಲೂ ಕೆಳಮುಖವಾಗಿಯೇ ಹೋಗುತ್ತದೆ.

ಸ್ಟೇಟೆಡ್ ವ್ಯಾಲ್ಯೂ: ಮೋಸ ಹೋಗುವುದು ಇಲ್ಲಿ. ಮೌಲ್ಯವನ್ನು ‘ನೀವೇ ಹೇಳಿ’ ಎನ್ನುತ್ತಾರೆ, ನೀವು ಹೇಳುತ್ತೀರಿ, ಅದನ್ನು ಪಾಲಿಸಿಯಲ್ಲಿ ಅಚ್ಚು ಹಾಕುತ್ತಾರೆ, ಪ್ರೀಮಿಯಂ ಕೂಡ ಅದರ ಮೇಲೆಯೇ ಕೂಡುತ್ತದೆ. ಒಳಗಿನ ಪುಟದಲ್ಲಿ ಮಾತ್ರ ‘ಹೇಳಿದ ಮೊತ್ತ ಅಥವಾ ನಿಜವಾದ ನಗದು ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು’ ಎಂಬ ಅರ್ಥದ ಸಾಲು ಇರುತ್ತದೆ. ನೀವು 45,000 ಡಾಲರ್ ಹೇಳಿದ್ದೀರಿ ಎನ್ನಿ. ಅಡ್ಜಸ್ಟರ್ ಲೆಕ್ಕಕ್ಕೆ ಅದು 28,000 ಬಂದರೆ ನಿಮ್ಮ ಕೈಗೆ ಬರುವುದು 28,000, ಅದರಲ್ಲೂ ಡಿಡಕ್ಟಿಬಲ್ (ಪ್ರತಿ ಕ್ಲೇಮ್‌ನಲ್ಲಿ ನೀವೇ ಭರಿಸಬೇಕಾದ ಮೊತ್ತ) ಕಳೆದು. ಅಡ್ಜಸ್ಟರ್ ಲೆಕ್ಕಕ್ಕೆ ಅದು 52,000 ಬಂದರೆ? ಆಗ 45,000. ಹೇಳಿದ ಮೊತ್ತ ಇಲ್ಲಿ ಛಾವಣಿ ಮಾತ್ರ, ನೆಲವಲ್ಲ.

ಅಗ್ರೀಡ್ ವ್ಯಾಲ್ಯೂ, ಅಂದರೆ ಒಪ್ಪಿದ ಮೌಲ್ಯ: ಪಾಲಿಸಿ ಶುರುವಾಗುವ ಮೊದಲೇ ನೀವೂ ಕಂಪನಿಯೂ ಒಂದು ಮೊತ್ತಕ್ಕೆ ಒಪ್ಪುತ್ತೀರಿ. ವಿಮೆಗೊಳಪಟ್ಟ ಕಾರಣದಿಂದ ಕಾರು ಪೂರ್ತಿ ಹೋದರೆ, ಅಂದರೆ ಸುಟ್ಟರೆ, ಕಳುವಾಗಿ ಸಿಗದಿದ್ದರೆ, ರಿಪೇರಿಗೆ ಬಾರದಷ್ಟು ಜಖಂ ಆದರೆ, ಆ ಮೊತ್ತವನ್ನು ಸವಕಳಿ ಕಳೆಯದೆ ಕೊಡಬೇಕು. ಹಳೆಯ ಕಾರುಗಳ ವಿಮೆ ಮಾರುವ ಹ್ಯಾಗರ್ಟಿ ಇದನ್ನೇ ‘ಗ್ಯಾರಂಟೀಡ್ ವ್ಯಾಲ್ಯೂ’ ಎಂದು ಕರೆಯುತ್ತದೆ. ಗ್ರಂಡಿ, ಅಮೆರಿಕನ್ ಕಲೆಕ್ಟರ್ಸ್ ಮೊದಲಾದವರಲ್ಲೂ ಇಂಥ ಪಾಲಿಸಿ ಸಿಗುತ್ತದೆ. ಹೆಸರು ಏನೇ ಇರಲಿ, ಒಳಪುಟದ ‘ನಷ್ಟ ಪಾವತಿ’ ಭಾಗದಲ್ಲಿ ‘ಯಾವುದು ಕಡಿಮೆಯೋ ಅದು’ ಎಂಬ ಮಾತು ಇದೆಯೇ ಎಂದು ಹುಡುಕಿ. ಪೂರ್ಣ ನಷ್ಟದ ಸಾಲಿನಲ್ಲಿ ಅದು ಇದ್ದರೆ ಹೊರಗೆ ಏನೇ ಹೆಸರಿಟ್ಟಿರಲಿ ಅದು ಒಪ್ಪಿದ ಮೌಲ್ಯವಲ್ಲ. ‘ಎರಡೂ ಒಂದೇ ಸಾರ್’ ಎಂದು ಏಜೆಂಟ್ ಹೇಳಿದರೆ, ಹಾಗೆಂದು ಬರೆದುಕೊಡಲು ಕೇಳಿ. ಸಾಮಾನ್ಯವಾಗಿ ಮಾತು ಅಲ್ಲಿಗೆ ನಿಲ್ಲುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಗೆಹರಿಸಿಕೊಳ್ಳೋಣ. ಒಪ್ಪಿದ ಮೌಲ್ಯ ಕೆಲಸಕ್ಕೆ ಬರುವುದು ಪೂರ್ಣ ನಷ್ಟದಲ್ಲಿ. ಬರೀ ಫೆಂಡರ್ ನೆಗ್ಗಿದರೆ ಕೊಡುವುದು ರಿಪೇರಿ ಖರ್ಚು. ಆ ಖರ್ಚನ್ನು ಯಾವ ದರದಲ್ಲಿ, ಯಾರ ವರ್ಕ್‌ಷಾಪಿನಲ್ಲಿ, ಯಾವ ಬಿಡಿಭಾಗ ಹಾಕಿ ಲೆಕ್ಕ ಮಾಡುತ್ತಾರೆ ಎನ್ನುವುದು ಬೇರೆಯೇ ಪ್ರಶ್ನೆ. ಅದು ಹಂತ 6ರಲ್ಲಿ ಬರುತ್ತದೆ.

ಹಂತ 3: ಎಷ್ಟು ಮೊತ್ತಕ್ಕೆ ಒಪ್ಪಬೇಕು

ಕಟ್ಟಲು ಆದ ಖರ್ಚು, ಮಾರಿದರೆ ಬರುವ ಬೆಲೆ, ಅದೇ ಥರದ್ದನ್ನು ಮತ್ತೆ ಸಂಪಾದಿಸಲು ಬೇಕಾಗುವ ಹಣ ಈ ಮೂರೂ ಒಂದೇ ಅಲ್ಲ. ಕಾರ್ಖಾನೆಯಿಂದ ಬಂದಂತೆಯೇ ಇರುವ ಕ್ಲಾಸಿಕ್ ಕಾರಿಗೆ ಮಾರುಕಟ್ಟೆ ಬೆಲೆ ಹುಡುಕುವುದು ಸುಲಭ. ಹಾಟ್ ರಾಡ್ ಹಾಗಲ್ಲ. 90,000 ಡಾಲರ್ ಸುರಿದು ಕಟ್ಟಿದ್ದು ಹರಾಜಿನಲ್ಲಿ 55,000ಕ್ಕೆ ಹೋಗುವುದು ಹೊಸ ಸಂಗತಿಯೇನಲ್ಲ; ಒಬ್ಬರ ರುಚಿಗೆ ಕಟ್ಟಿದ್ದು ಇನ್ನೊಬ್ಬರಿಗೆ ಹಿಡಿಸಬೇಕೆಂದಿಲ್ಲ. ರಸೀದಿಗಳೂ ವೃತ್ತಿಪರ ಮೌಲ್ಯಮಾಪಕರ ವರದಿಯೂ ಇದ್ದರೆ ಮಾರುಕಟ್ಟೆ ಬೆಲೆಗಿಂತ ಮೇಲಿನ ಮೊತ್ತಕ್ಕೆ ಒಪ್ಪುವ ಕಂಪನಿಗಳಿವೆ. ಹಾಟ್ ರಾಡ್ ಮಾಲೀಕರು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಮೊತ್ತ ನಿರ್ಧರಿಸುವ ಕ್ರಮ ಹೀಗಿರಲಿ.

ಮೊದಲು ಸ್ಥಿತಿಯನ್ನು ಪ್ರಾಮಾಣಿಕವಾಗಿ ಗುರುತಿಸಿ. ಹ್ಯಾಗರ್ಟಿಯ ಬೆಲೆಪಟ್ಟಿಯಲ್ಲಿ 1ರಿಂದ 4ರವರೆಗೆ ದರ್ಜೆಗಳಿವೆ: 1 ಎಂದರೆ ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವಂಥದ್ದು, 2 ಅತ್ಯುತ್ತಮ, 3 ಒಳ್ಳೆಯದು, 4 ಪರವಾಗಿಲ್ಲ ಎನ್ನುವಂಥದ್ದು. ಮಾಲೀಕರ ಕಣ್ಣಿಗೆ ತಮ್ಮ ಕಾರು ಯಾವತ್ತೂ 2. ಓಡಿಸಲು ಚೆನ್ನಾಗಿದ್ದು, ಬಣ್ಣದಲ್ಲಿ ಅಲ್ಲಲ್ಲಿ ಚಿಕ್ಕ ಗಾಯಗಳಿರುವ ಕಾರುಗಳ ಜಾಗ 3.

ಎರಡನೆಯದಾಗಿ ನಿಜವಾಗಿ ಮಾರಾಟವಾದ ಬೆಲೆಗಳನ್ನು ನೋಡಿ, ಕೇಳುವ ಬೆಲೆಗಳನ್ನಲ್ಲ. ಮೀಕಮ್, ಬ್ಯಾರೆಟ್-ಜಾಕ್ಸನ್, ಬ್ರಿಂಗ್ ಎ ಟ್ರೇಲರ್ ಹರಾಜುಗಳ ಫಲಿತಾಂಶ ಎಲ್ಲರಿಗೂ ಸಿಗುತ್ತದೆ. ಪ್ರಕಟಿಸಿದ ಮೊತ್ತದಲ್ಲಿ ಖರೀದಿದಾರರು ಕೊಡುವ ಕಮಿಷನ್ ಸೇರಿದೆಯೋ ಇಲ್ಲವೋ ನೋಡಿಕೊಳ್ಳಿ, ಅಷ್ಟರಲ್ಲೇ ಸಾವಿರಾರು ಡಾಲರ್ ವ್ಯತ್ಯಾಸ ಬರುತ್ತದೆ. ಒಂದೇ ಮಾರಾಟ ಹಿಡಿದು ಕೂರಬೇಡಿ. ಇಬ್ಬರು ಹಠ ಹಿಡಿದು ಏರಿಸಿದ ಬೆಲೆ ಮಾರುಕಟ್ಟೆಯ ಬೆಲೆಯಲ್ಲ.

ಮೂರನೆಯದಾಗಿ, ಕಾರು ಅಪರೂಪದ್ದಾಗಿದ್ದರೆ ಅಥವಾ ಮಾರ್ಪಡಿಸಿದ್ದಾದರೆ ಮೌಲ್ಯಮಾಪನ ಮಾಡಿಸಿ. ವರದಿ ಯುಸ್ಪ್ಯಾಪ್ ಎಂಬ ರಾಷ್ಟ್ರೀಯ ಮೌಲ್ಯಮಾಪನ ಮಾನದಂಡಕ್ಕೆ ತಕ್ಕಂತೆ ಇದೆಯೇ ಎಂದು ಕೇಳಿ. ಮೌಲ್ಯಮಾಪಕರು ಕಾರನ್ನು ಕಣ್ಣಾರೆ ನೋಡಬೇಕು, ಅಡಿಭಾಗವನ್ನೂ ನೋಡಬೇಕು. ಬರೀ ಫೋಟೊ ನೋಡಿ ಬರೆದ ವರದಿಗೆ, ಅಥವಾ ಕಾರಿನ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಶುಲ್ಕ ಕೇಳುವವರ ವರದಿಗೆ, ಜಗಳ ಬಂದ ದಿನ ಬೆಲೆ ಇರುವುದಿಲ್ಲ.

ನಾಲ್ಕನೆಯದು ದಾಖಲೆಗಳ ಕಡತ. 1967ರಿಂದೀಚಿನ ಫೋರ್ಡ್ ಆದರೆ ಮಾರ್ಟಿ ರಿಪೋರ್ಟ್ ತರಿಸಿ, ಕಾರು ಕಾರ್ಖಾನೆಯಿಂದ ಯಾವ ಬಣ್ಣ, ಯಾವ ಎಂಜಿನ್, ಯಾವ ಆಯ್ಕೆಗಳೊಂದಿಗೆ ಹೊರಬಂತು ಎಂದು ಅದರಲ್ಲಿರುತ್ತದೆ. ಪಾಂಟಿಯಾಕ್‌ಗೆ ಪಿಎಚ್ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ದಾಖಲೆ ಇದೆ. ಕಾರು ಜೋಡಿಸುವಾಗ ಕಾರ್ಖಾನೆ ಬಳಸಿದ ಪಟ್ಟಿಯಾದ ಬಿಲ್ಡ್ ಶೀಟ್ ಇದ್ದರೆ ಅದನ್ನೂ ಸೇರಿಸಿ. ‘ನಂಬರ್ಸ್ ಮ್ಯಾಚಿಂಗ್’, ಅಂದರೆ ಎಂಜಿನ್ ಆ ಕಾರಿನ ಮೂಲದ್ದೇ, ಎಂದು ಬಾಯಲ್ಲಿ ಹೇಳಿದ್ದಕ್ಕೆ ಮೌಲ್ಯವಿಲ್ಲ, ಎಂಜಿನ್ ಬ್ಲಾಕಿನ ಮೇಲಿನ ಮುದ್ರೆಯ ಫೋಟೊಗೆ ಇದೆ. ಹಾಟ್ ರಾಡ್ ಆದರೆ ಪ್ರತಿ ಬಿಡಿಭಾಗದ ರಸೀದಿ, ಕೆಲಸದ ಪ್ರತಿ ಹಂತದ ಫೋಟೊ, ನೀವೇ ಮಾಡಿದ ಕೆಲಸದ ದಿನಾಂಕ ಮತ್ತು ಗಂಟೆಗಳ ಪುಸ್ತಕ. ಸ್ವಂತ ಕೈದುಡಿಮೆಗೆ ರಸೀದಿ ಇರುವುದಿಲ್ಲವಲ್ಲ, ಈ ಪುಸ್ತಕವಿಲ್ಲದೆ ಮೌಲ್ಯಮಾಪಕರಿಗೆ ಅದು ಕಾಣುವುದೇ ಇಲ್ಲ.

ಫೋಟೊ ತೆಗೆಯುವಾಗ ನಾಲ್ಕೂ ಮೂಲೆಯಿಂದ, ನಾಲ್ಕೂ ಪಕ್ಕದಿಂದ, ಎಂಜಿನ್ ಕೋಣೆ ಎರಡು ಕೋನದಿಂದ, ಡ್ಯಾಶ್‌ಬೋರ್ಡ್, ಓಡೋಮೀಟರ್, ಸೀಟು, ಡಿಕ್ಕಿ, ಅಡಿಭಾಗ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಹೀಗೆ ಮೂವತ್ತಾದರೂ ಇರಲಿ. ಇದ್ದ ಗಾಯಗಳನ್ನೂ ತೆಗೆಯಿರಿ. ಇದೆಲ್ಲದರ ಪ್ರತಿ ಕಾರಿರುವ ಕಟ್ಟಡದಲ್ಲಿ ಮಾತ್ರ ಇರಬಾರದು. ಗ್ಯಾರೇಜಿಗೆ ಬೆಂಕಿ ಬಿದ್ದರೆ ಕಾರೂ ಹೋಗುತ್ತದೆ, ಅದು ಎಂಥ ಕಾರಾಗಿತ್ತು ಎಂಬ ಪುರಾವೆಯೂ ಹೋಗುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಮೇಲೆ ನೆನಪಿನಿಂದ ಪಟ್ಟಿ ಮಾಡುತ್ತ ಕೂರಬೇಕಾಗುತ್ತದೆ.

ಕಡಿಮೆ ಮೊತ್ತ ಬರೆಸಿದರೆ ಏನಾಗುತ್ತದೆ?

ಪ್ರೀಮಿಯಂ ಉಳಿಸಲು ಕಡಿಮೆ ಮೌಲ್ಯ ಬರೆಸುವವರಿದ್ದಾರೆ, ಹಳೆಯ ಮೊತ್ತವನ್ನೇ ವರ್ಷಗಟ್ಟಲೆ ಮುಂದುವರಿಸುವವರು ಇನ್ನೂ ಹೆಚ್ಚು. ಪೂರ್ತಿ ನಷ್ಟವಾದರೆ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ ತಾನೆ ಎಂದು ಅವರ ಲೆಕ್ಕ. ನಿಜವಾದ ಅಪಾಯ ಅದಲ್ಲ: ರಿಪೇರಿ ಆಗಬಹುದಾಗಿದ್ದ ಕಾರೂ ಪೂರ್ಣ ನಷ್ಟದ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಕಾರಿನ ಇವತ್ತಿನ ಬೆಲೆ 60,000, ಪಾಲಿಸಿಯಲ್ಲಿ ಒಪ್ಪಿದ ಮೌಲ್ಯ 30,000 ಎನ್ನಿ. ಅಪಘಾತದ ರಿಪೇರಿಗೆ 26,000 ಬೇಕು. ಜಖಂ ಆದ ಕಾರನ್ನು ಹಾಗೆಯೇ ಮಾರಿದರೆ 15,000 ಬರುತ್ತದೆ. ರಿಪೇರಿ ಮಾಡಿಸಿದರೆ ಕಂಪನಿಗೆ 26,000 ಖರ್ಚು. ನಿಮಗೆ 30,000 ಕೊಟ್ಟು ಕಾರನ್ನು 15,000ಕ್ಕೆ ಮಾರಿಕೊಂಡರೆ ಖರ್ಚು 15,000 ಮಾತ್ರ. ಅವರು ಯಾವುದನ್ನು ಆರಿಸುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಾರು ಬಿಡಲು ಮನಸ್ಸಿಲ್ಲದೆ ನೀವೇ ಅದನ್ನು ಉಳಿಸಿಕೊಂಡರೆ ಕೈಗೆ ಬರುವುದು 15,000, ರಿಪೇರಿಗೆ ಬೇಕಾದದ್ದು 26,000. ಮೇಲಿಂದ ಬಹಳಷ್ಟು ರಾಜ್ಯಗಳಲ್ಲಿ ಟೈಟಲ್ ಮೇಲೆ ‘ಸ್ಯಾಲ್ವೇಜ್’, ಅಂದರೆ ಪೂರ್ಣ ನಷ್ಟವೆಂದು ಘೋಷಿಸಿದ ಕಾರು, ಎಂಬ ಮುದ್ರೆ ಬೀಳುತ್ತದೆ. ಒಪ್ಪಿದ ಮೌಲ್ಯ 60,000 ಎಂದು ಬರೆಸಿದ್ದಿದ್ದರೆ ಅದೇ ಕಾರು ಸುಮ್ಮನೆ ರಿಪೇರಿಯಾಗಿ ಮನೆಗೆ ಬರುತ್ತಿತ್ತು.

ಯಾವ ಮಟ್ಟ ದಾಟಿದರೆ ಪೂರ್ಣ ನಷ್ಟ ಎನ್ನುವುದನ್ನೂ ರಾಜ್ಯಗಳೇ ನಿರ್ಧರಿಸುತ್ತವೆ. ಕೆಲವೆಡೆ ರಿಪೇರಿ ಖರ್ಚು ಮೌಲ್ಯದ ಇಂತಿಷ್ಟು ಶೇಕಡಾ ಮುಟ್ಟಿದರೆ ಸಾಕು: ಫ್ಲಾರಿಡಾದಲ್ಲಿ ಅದು 80, ಟೆಕ್ಸಸ್‌ನಲ್ಲಿ 100. ಇನ್ನು ಕೆಲವೆಡೆ ರಿಪೇರಿ ಖರ್ಚು ಮತ್ತು ಗುಜರಿ ಬೆಲೆ ಕೂಡಿಸಿ ನೋಡುತ್ತಾರೆ.

ಹಂತ 4: ಅರ್ಹತೆ ಮತ್ತು ಓಡಾಟದ ಷರತ್ತು

ಸಂಗ್ರಹದ ಕಾರುಗಳ ಪಾಲಿಸಿ ಸಾಮಾನ್ಯ ಪಾಲಿಸಿಗಿಂತ ಅಗ್ಗವಾಗಿ ಸಿಗುವುದಕ್ಕೆ ಕಾರಣ ಒಂದೇ: ಆ ಕಾರು ಹೆಚ್ಚು ಓಡುವುದಿಲ್ಲ. ಹಾಗಾಗಿ ಷರತ್ತುಗಳೆಲ್ಲ ಅದನ್ನು ಖಾತ್ರಿ ಮಾಡಿಕೊಳ್ಳುವಂಥವು. ಮನೆಯಲ್ಲಿ ಲೈಸೆನ್ಸ್ ಇರುವ ಪ್ರತಿಯೊಬ್ಬರಿಗೂ ದಿನಬಳಕೆಗೆ ಬೇರೆ ಕಾರು ಇರಬೇಕು. ಈ ಕಾರನ್ನು ಬೀಗ ಹಾಕುವ, ಮುಚ್ಚಿದ ಜಾಗದಲ್ಲಿ ನಿಲ್ಲಿಸಬೇಕು. ಕೆಲಸಕ್ಕೆ, ಶಾಲೆಗೆ, ಅಂಗಡಿಗೆ ದಿನವೂ ಒಯ್ಯುವಂತಿಲ್ಲ. ಚಾಲಕರ ಹಿಂದಿನ ದಾಖಲೆ ಚೆನ್ನಾಗಿರಬೇಕು.

ಕೆಲವರು ವರ್ಷಕ್ಕೆ ಇಂತಿಷ್ಟು ಮೈಲಿ ಎಂದು ಮಿತಿ ಹಾಕುತ್ತಾರೆ, ಕೆಲವರು ಮಿತಿ ಹಾಕದೆ ‘ಹವ್ಯಾಸದ ಬಳಕೆ’ ಎಂದಷ್ಟೇ ಬರೆಯುತ್ತಾರೆ. ಎರಡನೆಯದು ಉದಾರವಾಗಿ ಕಾಣುತ್ತದೆ, ಆದರೆ ಯಾವುದು ಹವ್ಯಾಸ ಎಂದು ನಿರ್ಧರಿಸುವವರು ಅವರೇ. ಭಾನುವಾರ ಓಡಿಸಿ ಹೋಟೆಲಿನ ಮುಂದೆ ನಿಲ್ಲಿಸಬಹುದೇ? ಪ್ರದರ್ಶನಕ್ಕೆ ಹೋದಾಗ ರಾತ್ರಿ ಲಾಡ್ಜಿನ ಬಯಲಲ್ಲಿ ಬಿಡಬಹುದೇ? ವಾರಕ್ಕೊಮ್ಮೆ ಆಫೀಸಿಗೆ ಒಯ್ದರೆ? ಈ ಮೂರನ್ನೂ ಇ-ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಕಡತದಲ್ಲಿಡಿ.

ಮನೆಯಲ್ಲಿ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ ಮಗನೋ ಮಗಳೋ ಇದ್ದರೆ ಅವರ ಹೆಸರನ್ನು ಮುಚ್ಚಿಡಬೇಡಿ. ಎಷ್ಟೋ ಕಂಪನಿಗಳು ಅವರನ್ನು ಚಾಲಕರ ಪಟ್ಟಿಯಿಂದ ಹೆಸರು ಹೇಳಿಯೇ ಹೊರಗಿಟ್ಟು ಪಾಲಿಸಿ ಕೊಡುತ್ತವೆ. ಆಮೇಲೆ ಬೀಗದಕೈ ಅವರ ಕೈಗೆ ಸಿಗದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

‘ಆ್ಯಂಟೀಕ್’ ಅಥವಾ ‘ಹಿಸ್ಟಾರಿಕ್’ ನಂಬರ್ ಪ್ಲೇಟಿಗೂ ವಿಮೆಗೂ ನೇರ ಸಂಬಂಧವಿಲ್ಲ. ಬಹಳಷ್ಟು ರಾಜ್ಯಗಳು 25 ವರ್ಷ ದಾಟಿದ ಕಾರಿಗೆ ಅದನ್ನು ಕೊಡುತ್ತವೆ, ಓಡಾಟಕ್ಕೆ ತಮ್ಮದೇ ಮಿತಿಯನ್ನೂ ಹಾಕುತ್ತವೆ. ಪ್ಲೇಟಿನ ಷರತ್ತು, ಪಾಲಿಸಿಯ ಷರತ್ತು ಎರಡರಲ್ಲಿ ಬಿಗಿಯಾದದ್ದು ಯಾವುದೋ ಅದನ್ನು ಪಾಲಿಸಿ.

ಹಂತ 5: ಕಾರಿನ ಹೊರಗಿನ ನಷ್ಟ

ಕಾರಿನ ಮೇಲಿನ ಪ್ರೀತಿಯಲ್ಲಿ ಜನ ಇದನ್ನು ಮರೆಯುತ್ತಾರೆ. 40,000ದ ಕಾರು ಹೋದರೆ ನಷ್ಟ 40,000. ಆ ಕಾರು ಯಾರಿಗಾದರೂ ಗುದ್ದಿದರೆ ನಷ್ಟಕ್ಕೆ ಮಿತಿಯೇ ಇಲ್ಲ.

ಹೊಣೆಗಾರಿಕೆ ವಿಮೆಯನ್ನು ಮೂರು ಅಂಕಿಗಳಲ್ಲಿ ಬರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕನಿಷ್ಠ 30/60/15. ಅಂದರೆ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತದ ಎಲ್ಲರ ಗಾಯಕ್ಕೆ ಸೇರಿ 60,000, ಆಸ್ತಿ ನಷ್ಟಕ್ಕೆ 15,000. ಇದಕ್ಕೂ ಹಿಂದೆ ಅದು 15/30/5 ಇತ್ತು. ಕಾನೂನು ಕೇಳುವ ಕನಿಷ್ಠವನ್ನು ಸಾಕಷ್ಟು ಎಂದು ತಿಳಿಯಬೇಡಿ. ಇವತ್ತಿನ ಒಂದು ಪಿಕಪ್ ಟ್ರಕ್ಕಿಗೆ 15,000 ಎಲ್ಲಿ ಸಾಲುತ್ತದೆ? ದಿನಬಳಕೆಯ ಕಾರಿಗೆ ಎಷ್ಟು ಇಟ್ಟಿದ್ದೀರೋ ಇದಕ್ಕೂ ಅಷ್ಟೇ ಇಡಿ.

ಎಲ್ಲದರ ಮೇಲೆ ಕೊಡೆ ಹಿಡಿದಂತಿರುವ ಅಂಬ್ರೆಲಾ ಪಾಲಿಸಿ ನಿಮ್ಮಲ್ಲಿದ್ದರೆ ಇನ್ನೊಂದು ಎಚ್ಚರಿಕೆ. ಕೆಳಗಿನ ಪಾಲಿಸಿಗಳಲ್ಲಿ ಕನಿಷ್ಠ ಇಷ್ಟು ಮಿತಿ ಇರಲೇಬೇಕು ಎಂದು ಅದು ಷರತ್ತು ಹಾಕಿರುತ್ತದೆ, ಉದಾಹರಣೆಗೆ 250/500/100. ಹಳೆಯ ಕಾರಿನ ಪಾಲಿಸಿಯನ್ನು ಬೇರೆ ಕಂಪನಿಯಿಂದ 100/300/50ಕ್ಕೆ ತೆಗೆದುಕೊಂಡಿದ್ದೀರಿ, ಒಬ್ಬರ ಗಾಯಕ್ಕೆ 4,00,000 ಡಾಲರ್ ಕೊಡಬೇಕೆಂದು ಕೋರ್ಟ್ ಹೇಳಿತು ಎನ್ನಿ. ಕಾರಿನ ಪಾಲಿಸಿ 1,00,000ಕ್ಕೆ ನಿಲ್ಲುತ್ತದೆ, ಅಂಬ್ರೆಲಾ ಶುರುವಾಗುವುದು 2,50,000 ದಾಟಿದ ಮೇಲೆ. ನಡುವಿನ 1,50,000 ನಿಮ್ಮ ಜೇಬಿನಿಂದ. ಕಾರು ಬೇರೆ ಕಂಪನಿಯಲ್ಲಿರುವ ವಿಷಯ ಅಂಬ್ರೆಲಾ ಕಂಪನಿಗೆ ತಿಳಿಸಿದ್ದೀರಾ ಎನ್ನುವುದನ್ನೂ ನೋಡಿಕೊಳ್ಳಿ.

ವಿಮೆಯೇ ಇಲ್ಲದವರು ಅಥವಾ ಸಾಲದಷ್ಟು ವಿಮೆ ಇರುವವರು ಬಂದು ಗುದ್ದಿದಾಗ ಕೆಲಸಕ್ಕೆ ಬರುವ ರಕ್ಷಣೆಯನ್ನು ಕಡಿತ ಮಾಡಬೇಡಿ. ಒಳಗೆ ಕೂತವರ ಆಸ್ಪತ್ರೆ ಖರ್ಚಿನ ಭಾಗವಂತೂ ಹಳೆಯ ಕಾರಿನಲ್ಲಿ ಹೊಸ ಕಾರಿಗಿಂತ ಮುಖ್ಯ. ಅಮೆರಿಕದ ಸಂಯುಕ್ತ ಸುರಕ್ಷತಾ ಮಾನದಂಡಗಳು ಕಾರುಗಳಿಗೆ ಕಡ್ಡಾಯವಾದದ್ದು 1968ರ ಜನವರಿ 1ರಿಂದ. ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲಿ ಸೀಟ್ ಬೆಲ್ಟ್ ಇಲ್ಲ, ಒತ್ತಡಕ್ಕೆ ಕುಸಿಯದ ಸ್ಟೀರಿಂಗ್ ಕಂಬ ನೇರ ಎದೆಗೆ ಗುರಿಯಿಟ್ಟ ಈಟಿಯಂತೆ ನಿಂತಿರುತ್ತದೆ. ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ಎರಡು ಕೋಣೆಯ ಸಿಲಿಂಡರ್ ಹಾಕಿಸುವುದು ಯಾವ ಪಾಲಿಸಿಗಿಂತಲೂ ಒಳ್ಳೆಯ ಖರ್ಚು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಹಂತ 6: ರಿಪೇರಿಯ ಷರತ್ತುಗಳು

ನಾಲ್ಕು ವಿಷಯ ಕೇಳಿ. ವರ್ಕ್‌ಷಾಪ್ ಆರಿಸುವವರು ಯಾರು? ಹಳೆಯ ಕಾರು ಪುನಃಸ್ಥಾಪಿಸುವವರ ಗಂಟೆಯ ದರ ಸಾಮಾನ್ಯ ಬಾಡಿ ಷಾಪಿಗಿಂತ ಹೆಚ್ಚು, ಅದನ್ನು ಕಂಪನಿ ಕೊಡುತ್ತದೆಯೇ? ಆ ಕಾಲದಲ್ಲೇ ತಯಾರಾಗಿ ಬಳಕೆಯಾಗದೆ ಉಳಿದ ಮೂಲ ಬಿಡಿಭಾಗ ಸಿಕ್ಕರೆ ಅದರ ಬೆಲೆ ಕೊಡುತ್ತದೆಯೇ, ಇಲ್ಲ ಈಗಿನ ನಕಲಿನ ಬೆಲೆಯೇ? ಬಣ್ಣದ ವಿಚಾರದಲ್ಲಿ ಏನು ನಿಲುವು?

ಬಣ್ಣದ ಪ್ರಶ್ನೆ ಸಣ್ಣದಲ್ಲ. ದಶಕಗಳ ಬಿಸಿಲು ಕಂಡ ಲ್ಯಾಕರ್ ಬಣ್ಣಕ್ಕೆ ಹೊಸ ಬಣ್ಣ ಎಷ್ಟು ಬೆರೆಸಿದರೂ ಹೊಂದುವುದು ಕಷ್ಟ. ಒಂದು ಬಾಗಿಲಿಗೆ ಬಳಿದರೆ ಬಿಸಿಲಿನಲ್ಲಿ ತೇಪೆ ಎದ್ದು ಕಾಣುತ್ತದೆ. ಕ್ಯಾಂಡಿ ಅಥವಾ ಪರ್ಲ್ ಬಣ್ಣದ ಹಾಟ್ ರಾಡ್‌ನಲ್ಲಿ ಇನ್ನೂ ಕಷ್ಟ, ಎಷ್ಟು ಪದರ ಬಳಿದಿದ್ದಾರೆ ಎಂಬುದರ ಮೇಲೆ ಬಣ್ಣದ ಗಾಢತೆ ನಿಂತಿರುತ್ತದೆ. ಬಣ್ಣದ ಕೋಡ್, ಬಳಿದ ಪದರಗಳ ಸಂಖ್ಯೆ, ತಯಾರಕರ ಹೆಸರು ಬರೆದಿಟ್ಟುಕೊಂಡಿದ್ದರೆ ಅಡ್ಜಸ್ಟರ್ ಜೊತೆ ವಾದಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಹಂತ 7: ಹೆಚ್ಚುವರಿ ಸೇರ್ಪಡೆಗಳಲ್ಲಿ ಯಾವುದು ಬೇಕು

ಎಳೆದೊಯ್ಯುವ ಸೇವೆ ಬೇಕು, ಅದೂ ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಟ್ರಕ್ಕಿನದು ಎಂದು ಬರೆದಿರಬೇಕು. ನೆಲಕ್ಕೆ ತಗ್ಗಿಸಿದ ಗಾಡಿಯನ್ನು ಮುಂದಿನ ಚಕ್ರ ಎತ್ತಿ ಎಳೆದರೆ ಹಿಂಭಾಗ ರಸ್ತೆಗೆ ಉಜ್ಜುತ್ತದೆ. ಬಿಡಿಭಾಗಗಳ ರಕ್ಷಣೆ ಹಾಟ್ ರಾಡ್‌ನವರಿಗೆ ಬೇಕೇಬೇಕು. ಸ್ಟ್ಯಾಂಡಿನ ಮೇಲಿರುವ ಎಂಜಿನ್, ಕಪಾಟಿನಲ್ಲಿರುವ ಕಾರ್ಬ್ಯುರೇಟರ್ ಕಾರಿಗೆ ಜೋಡಿಸಿಲ್ಲವಾದ್ದರಿಂದ ಕಾರಿನ ಪಾಲಿಸಿ ಅವನ್ನು ತನ್ನದಲ್ಲ ಎನ್ನಬಹುದು, ವಾಹನದ ಭಾಗ ಎಂದು ಮನೆಯ ಪಾಲಿಸಿಯೂ ಕೈಬಿಡಬಹುದು. ಪೂರ್ಣ ನಷ್ಟದ ನಂತರವೂ ಗುಜರಿ ಬೆಲೆ ಕಳೆಯದೆ ಕಾರನ್ನು ನಿಮಗೇ ಬಿಟ್ಟುಕೊಡುವ ಸೇರ್ಪಡೆ ಕೆಲವರಲ್ಲಿದೆ. ಮನೆತನದಲ್ಲಿ ಉಳಿದುಬಂದ ಕಾರಾದರೆ ಅದಕ್ಕೆ ಹಣ ಕೊಡಬಹುದು.

ಚಳಿಗಾಲದಲ್ಲಿ ಕಾರು ಮೂಲೆಗೆ ಹೋಗುವ ಕಡೆ ಆ ತಿಂಗಳುಗಳಿಗೆ ಹೊಣೆಗಾರಿಕೆಯ ರಕ್ಷಣೆ, ಕಾರು ಗುದ್ದಿದರೆ ಸಿಗುವ ರಕ್ಷಣೆ ಎರಡನ್ನೂ ತೆಗೆದು ಬೆಂಕಿ-ಕಳ್ಳತನದ್ದು ಮಾತ್ರ ಉಳಿಸುವ ಪದ್ಧತಿ ಇದೆ. ಉಳಿಯುವುದು ಅಲ್ಪ. ಮಾರ್ಚಿನ ಒಂದು ಬಿಸಿಲಿನ ಮಧ್ಯಾಹ್ನ ಮರೆತು ರಸ್ತೆಗಿಳಿಸಿದರೆ ಆ ಹೊತ್ತಿಗೆ ವಿಮೆಯೇ ಇಲ್ಲ. ನಮ್ಮನ್ನು ಕೇಳಿದರೆ ಬೇಡ.

ಕಾರು ಒಯ್ಯುವ ಟ್ರೇಲರ್ ನಿಮ್ಮದಾದರೆ ಅದಕ್ಕೆ ಆಗುವ ಜಖಂಗೆ ಬೇರೆ ರಕ್ಷಣೆ ಬೇಕು. ಸಾಗಣೆ ಕಂಪನಿಗೆ ಒಪ್ಪಿಸುವುದಾದರೆ ಅವರ ಸರಕು ವಿಮೆಯ ಪ್ರಮಾಣಪತ್ರ ತರಿಸಿ ಒಟ್ಟು ಮಿತಿ ನೋಡಿ. ಮಿತಿ 2,50,000 ಇದ್ದು ಲಾರಿಯಲ್ಲಿ ಆರು ಕಾರಿದ್ದರೆ ಒಂದೊಂದಕ್ಕೆ ಬರುವುದು ಎಷ್ಟೆಂದು ನೀವೇ ಭಾಗಿಸಿ.

ಹಂತ 8: ಕಟ್ಟುತ್ತಿರುವ ಗಾಡಿ

ಇನ್ನೂ ಓಡದ, ಚಾಸಿಯ ಹಂತದಲ್ಲಿರುವ ಗಾಡಿಗೂ ವಿಮೆ ಸಿಗುತ್ತದೆ. ರಸ್ತೆಗಿಳಿಯದ ಕಾರಿಗೆ ಬೆಂಕಿ, ಕಳ್ಳತನ, ಗ್ಯಾರೇಜ್ ಕುಸಿತವೇ ಅಪಾಯ. ವೆಲ್ಡಿಂಗ್ ಕಿಡಿ, ತೆರೆದ ಪೆಟ್ರೋಲ್, ಬಣ್ಣದ ತಿನ್ನರ್ ಒಂದೇ ಸೂರಿನಡಿ ಇರುವ ಜಾಗವದು. ಮೊತ್ತ ಕೆಲಸದ ಜೊತೆ ಬೆಳೆಯಬೇಕು: ಇಂದು 12,000, ಎಂಜಿನ್ ಬಂದ ತಿಂಗಳು 21,000, ಬಣ್ಣ ಮುಗಿದಾಗ 38,000. ಕೆಲವು ಪಾಲಿಸಿಗಳು ನಿಗದಿತ ಅವಧಿಗೊಮ್ಮೆ ತಾನಾಗಿಯೇ ಮೌಲ್ಯ ಏರಿಸುತ್ತವೆ, ಉಳಿದವುಗಳಲ್ಲಿ ದೊಡ್ಡ ಖರ್ಚಾದಾಗಲೆಲ್ಲ ರಸೀದಿ ಕಳಿಸಿ ಏರಿಸಿಕೊಳ್ಳಬೇಕು. ಬಾಡಿ ಬಣ್ಣದವರಲ್ಲಿ, ಎಂಜಿನ್ ಮಷೀನ್ ಷಾಪಿನಲ್ಲಿ, ಚಾಸಿ ನಿಮ್ಮಲ್ಲಿ ಎಂದಿದ್ದರೆ ಮೂರೂ ವಿಳಾಸವನ್ನು ಕಂಪನಿಗೆ ತಿಳಿಸಿ.

ಯಾವುದಕ್ಕೆ ಹಣ ಬರುವುದಿಲ್ಲ

ತುಕ್ಕು, ಸವೆತ, ಎಂಜಿನ್ ಕೆಟ್ಟು ನಿಲ್ಲುವುದು ಯಾವ ಪಾಲಿಸಿಯಲ್ಲೂ ಇಲ್ಲ. ಇಲಿ ವೈರಿಂಗ್ ಕಡಿದರೆ ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ, ಕೇಳಿ. ರೇಸು, ಸಮಯ ಅಳೆಯುವ ಯಾವುದೇ ಸ್ಪರ್ಧೆ, ಡ್ರ್ಯಾಗ್ ಸ್ಟ್ರಿಪ್ ಹೊರಗೆ. ‘ಒಂದೇ ಒಂದು ಓಟ’ ಎಂದರೂ ಹೊರಗೇ. ಟ್ರ್ಯಾಕಿನ ದಿನಗಳಿಗೆ ಬೇರೆಯೇ ಪಾಲಿಸಿ ಮಾರುತ್ತಾರೆ. ಮದುವೆಗೆ ಬಾಡಿಗೆಗೆ ಕೊಟ್ಟರೆ, ಶೂಟಿಂಗಿಗೆ ಹಣ ಪಡೆದು ಒಯ್ದರೆ ಅದು ವ್ಯಾಪಾರ, ಹವ್ಯಾಸವಲ್ಲ. ಸ್ನೇಹಿತರ ಮಗಳ ಮದುವೆಗೆ ಪುಕ್ಕಟೆ ಒಯ್ಯುವುದು ಬೇರೆ ಮಾತು.

ಬೆಂಕಿಯ ಬಗ್ಗೆ ಒಂದು ಮಾತು ಸೇರಿಸಬೇಕು. ಎಥನಾಲ್ ಬೆರೆತ ಈಗಿನ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳನ್ನು ಒಳಗಿಂದಲೇ ಹಾಳುಮಾಡುತ್ತದೆ. ಪೈಪು ಬಿರಿಯುವುದು ಬಿಸಿ ಎಗ್ಸಾಸ್ಟ್ ಮೇಲೆಯೇ. ಎಥನಾಲ್ ತಾಳುವ, ಎಸ್ಎಇ ಜೆ30ಆರ್9 ಗುರುತಿನ ಪೈಪಿಗೆ ಬದಲಾಯಿಸಿ, ಬ್ಯಾಟರಿಗೆ ಕಡಿತದ ಸ್ವಿಚ್ ಹಾಕಿಸಿ, ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಡಿ.

ಹಂತ 9: ಮೂರು ಕಡೆ ಒಂದೇ ಪ್ರಶ್ನೆ

ಕನಿಷ್ಠ ಮೂರು ಕಂಪನಿಗಳಿಗೆ ಒಂದೇ ಮೌಲ್ಯ, ಒಂದೇ ಹೊಣೆಗಾರಿಕೆ ಮಿತಿ, ಒಂದೇ ಡಿಡಕ್ಟಿಬಲ್ ಕೊಟ್ಟು ದರ ಕೇಳಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಡಿಡಕ್ಟಿಬಲ್ ಸೊನ್ನೆ ಇಡುವವರೂ ಇದ್ದಾರೆ. ದರದ ಹಾಳೆಯ ಜೊತೆ ಮಾದರಿ ಪಾಲಿಸಿಯ ಪೂರ್ಣ ಪ್ರತಿ ಕೇಳಿ. ಅದನ್ನು ಕೊಡಲು ಹಿಂದೆಮುಂದೆ ನೋಡುವವರನ್ನು ಪಟ್ಟಿಯಿಂದ ತೆಗೆದುಬಿಡಿ.

ಕ್ಲೇಮ್ ಬಂದ ದಿನ

ಕಾರನ್ನು ಅಲುಗಿಸುವ ಮೊದಲು ಫೋಟೊ ತೆಗೆಯಿರಿ, ಪೊಲೀಸ್ ವರದಿ ಮಾಡಿಸಿ, ಅದೇ ದಿನ ಕಂಪನಿಗೆ ತಿಳಿಸಿ. ಕಿತ್ತುಬಂದ ಕ್ರೋಮ್ ಪಟ್ಟಿ, ಒಡೆದ ದೀಪದ ಉಂಗುರ, ಹಬ್‌ಕ್ಯಾಪ್ ಏನನ್ನೂ ರಸ್ತೆಯಲ್ಲಿ ಬಿಡಬೇಡಿ, ಕೆಲವಕ್ಕೆ ಬದಲಿ ಸಿಗುವುದೇ ಇಲ್ಲ. ಟೋ ಮಾಡುವವರ ಅಂಗಳದಲ್ಲಿ ಕಾರು ಬಯಲಲ್ಲಿ ನಿಲ್ಲದಂತೆ ಕೂಡಲೇ ಮುಚ್ಚಿದ ಜಾಗಕ್ಕೆ ಸಾಗಿಸಿ. ಜಖಂ ಹೆಚ್ಚಾಗದಂತೆ ನೋಡಿಕೊಳ್ಳುವುದು ಪಾಲಿಸಿಯಲ್ಲೇ ನಿಮ್ಮ ಕರ್ತವ್ಯ ಎಂದು ಬರೆದಿರುತ್ತದೆ.

ರಿಪೇರಿಯ ಮೊತ್ತದಲ್ಲಿ ಒಮ್ಮತ ಬಾರದಿದ್ದರೆ ಪಾಲಿಸಿಯಲ್ಲಿ ‘ಅಪ್ರೈಸಲ್’ ಎಂಬ ಕಲಮು ಇದೆಯೇ ನೋಡಿ. ನೀವೊಬ್ಬ, ಅವರೊಬ್ಬ ಮೌಲ್ಯಮಾಪಕರನ್ನು ನೇಮಿಸಿ, ಆ ಇಬ್ಬರು ಸೇರಿ ಮೂರನೆಯ ಮಧ್ಯಸ್ಥರನ್ನು ಆರಿಸುತ್ತಾರೆ. ಮೂವರಲ್ಲಿ ಇಬ್ಬರು ಒಪ್ಪಿದ ಮೊತ್ತವೇ ಅಂತಿಮ. ನಿಮ್ಮ ಮೌಲ್ಯಮಾಪಕರ ಶುಲ್ಕ ನಿಮ್ಮದು, ಮಧ್ಯಸ್ಥರದು ಅರ್ಧರ್ಧ. ಕೋರ್ಟಿಗಿಂತ ಬೇಗ ಮುಗಿಯುತ್ತದೆ, ಆದರೆ ಸಾವಿರ ಡಾಲರಿನ ವ್ಯತ್ಯಾಸಕ್ಕೆ ಇದನ್ನು ಹಿಡಿದರೆ ಶುಲ್ಕಕ್ಕೇ ಅದು ಹೋಗುತ್ತದೆ.

ಪ್ರತಿ ವರ್ಷ ನವೀಕರಣದ ಕಾಗದ ಬರುವುದಕ್ಕೆ ಒಂದು ತಿಂಗಳು ಮೊದಲು ಕಡತ ತೆಗೆಯಿರಿ: ಆ ವರ್ಷದ ಮಾರಾಟದ ಬೆಲೆಗಳು, ಹೊಸ ರಸೀದಿಗಳು, ಹೊಸ ಫೋಟೊಗಳು. ಮೌಲ್ಯ ಏರಿದ್ದರೆ ಏರಿಸಿ, ಇಳಿದಿದ್ದರೆ ಇಳಿಸಿ. ಹೊಸ ಡಿಕ್ಲರೇಷನ್ ಪೇಜ್ ಬಂದಾಗ ಮೊತ್ತದ ಪಕ್ಕದ ಆ ಎರಡು ಪದ ಕಳೆದ ವರ್ಷದ್ದೇ ಇವೆಯೇ ಎಂದು ನೋಡಿ.